ದಿಲ್ಮುನ್‌ನ ಹಾವು, ಬಳ್ಳಿಗಾವಿಯ ಬಯಲು

ಬಹ್ರೈನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹಾವಿನ ಬಟ್ಟಲುಗಳನ್ನು ಕರಾವಳಿಯವರು ಸುಮ್ಮನೆ ದಾಟಿ ಹೋಗುವುದು ಕಷ್ಟ. ಮಣ್ಣಿನ ಪಾತ್ರೆ, ಅದರೊಳಗೆ ಸುರುಳಿ ಸುತ್ತಿದ ಹಾವಿನ ಎಲುಬು. ನಾಗಬನ, ಆಶ್ಲೇಷಾಬಲಿಗಳ ನಡುವೆ ಬೆಳೆದವರಿಗೆ ಇದು ಪರದೇಶದ ವಸ್ತು ಅನ್ನಿಸುವುದಿಲ್ಲ. ಧ್ಯಾನ ಶಿಬಿರಗಳ ಒಡನಾಟವಿರುವ ಗೆಳೆಯರೊಬ್ಬರು, "ಮೂರೂವರೆ ಸುತ್ತು ಉಂಟಾ ನೋಡಿ ಮಾರಾಯ್ರೆ, ಇದು ಕುಂಡಲಿನಿಯೇ" ಅಂದರು. ಅದು ನಿಜವಾದರೆ ಯೋಗದ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ದಾಖಲೆ ಏನನ್ನುತ್ತದೆ ಎಂದು ನೋಡಹೊರಟೆ.

ಮೊದಲು ತೆರೆದದ್ದು ಪುರಾತತ್ವಜ್ಞ ಜೆಫ್ರಿ ಬಿಬ್ಬಿ 1969ರಲ್ಲಿ ಪ್ರಕಟಿಸಿದ 'ಲುಕಿಂಗ್ ಫಾರ್ ದಿಲ್ಮುನ್'. ದಿಲ್ಮುನ್ ಎಂದರೆ ಬಹ್ರೈನಿನ ಪ್ರಾಚೀನ ಹೆಸರು. ಪಿ.ವಿ. ಗ್ಲೋಬ್ ಮತ್ತು ಬಿಬ್ಬಿ 1950ರ ದಶಕದಲ್ಲಿ ಡೆನ್ಮಾರ್ಕಿನಿಂದ ತಂಡ ಕಟ್ಟಿಕೊಂಡು ಬಂದು ಕಲಅತ್ ಅಲ್‌-ಬಹ್ರೈನ್ ದಿಬ್ಬವನ್ನು ಅಗೆದರು. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ದಿಬ್ಬ ಅದೇ. ಅಲ್ಲಿನ ಅರಮನೆಯೊಂದರ ನೆಲದಡಿಯಲ್ಲಿ ಹೂತಿಟ್ಟ ಹಾವುಗಳು ಅವರಿಗೆ ಸಿಕ್ಕವು. ಜೊತೆಗೆ ಕೆಲವು ಬಟ್ಟಲುಗಳಲ್ಲಿ ಮಣಿ, ಮುತ್ತು. ಬಿಬ್ಬಿಗೆ ಕೂಡಲೇ ನೆನಪಾದದ್ದು ಮೆಸೊಪೊಟೇಮಿಯದ ಗಿಲ್ಗಮೆಶ್ ಕಾವ್ಯ. ಆ ಕಾವ್ಯದ 11ನೇ ಫಲಕದಲ್ಲಿ ನಾಯಕ ಸಾವನ್ನು ಗೆಲ್ಲುವ ಆಸೆಯಿಂದ ಕಾಲಿಗೆ ಕಲ್ಲು ಕಟ್ಟಿಕೊಂಡು ನೀರಿನ ತಳಕ್ಕಿಳಿದು ಯೌವನ ಮರಳಿಸುವ ಗಿಡವನ್ನು ಕಿತ್ತು ತರುತ್ತಾನೆ. ದಾರಿಯಲ್ಲಿ ಅವನು ಕೊಳದಲ್ಲಿ ಮೀಯುತ್ತಿರುವಾಗ ಹಾವೊಂದು ಬಂದು ಗಿಡ ಕದ್ದೊಯ್ಯುತ್ತದೆ, ಹೋಗುತ್ತಲೇ ಪೊರೆ ಕಳಚುತ್ತದೆ. ಕಾಲಿಗೆ ಕಲ್ಲು ಕಟ್ಟಿ ಮುಳುಗುವುದು ಕಳೆದ ಶತಮಾನದವರೆಗೂ ಬಹ್ರೈನಿನ ಮುತ್ತು ತೆಗೆಯುವವರ ಪದ್ಧತಿ. ಹಾಗಾಗಿ ಮುತ್ತೇ ಆ ಅಮೃತದ ಗಿಡ, ಬಟ್ಟಲಿನ ಹಾವು ಅದನ್ನು ನುಂಗಿದ ಹಾವು ಎಂಬುದು ಬಿಬ್ಬಿಯ ಊಹೆ. ಊಹೆಯೇ ಹೌದು, ಆದರೆ ಕಾಲು ನೆಲದ ಮೇಲಿದೆ.

ನಮ್ಮ ಗೆಳೆಯರ ಊಹೆಗೆ ಆ ನೆಲ ಸಿಗುತ್ತದೆಯೇ? ಭಾರತಕ್ಕೂ ದಿಲ್ಮುನ್‌ಗೂ ವ್ಯಾಪಾರವಿತ್ತು, ಅದರಲ್ಲಿ ತಕರಾರಿಲ್ಲ. ಇದೇ ದಿಬ್ಬದಲ್ಲಿ ಸಿಂಧೂ ಮಾದರಿಯ ತೂಕದ ಕಲ್ಲುಗಳು ಸಿಕ್ಕಿವೆ. ಲೋಥಾಲ್‌ನಲ್ಲಿ ಸಿಕ್ಕ ಪರ್ಷಿಯನ್ ಕೊಲ್ಲಿಯ ಮುದ್ರೆಯ ಬಗ್ಗೆ 1963ರಲ್ಲಿ ಬರೆದವರು ನಮ್ಮ ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್.ಆರ್. ರಾವ್. ಆದರೆ ಆ ಸಂಪರ್ಕ ಕ್ರಿ.ಪೂ. 2000ದ ಆಸುಪಾಸಿನದು. ಹಾವಿನ ಬಟ್ಟಲುಗಳು ಅದಕ್ಕಿಂತ ಸಾವಿರ ವರ್ಷಕ್ಕೂ ಈಚಿನವು. ಇನ್ನು ಕುಂಡಲಿನಿ, ಅಂದರೆ ಬೆನ್ನುಹುರಿಯ ಬುಡದಲ್ಲಿ ಹಾವಿನಂತೆ ಮಲಗಿದ ಶಕ್ತಿ ಎಂಬ ವಿಚಾರ ಬಲಿತದ್ದು ತಂತ್ರಗ್ರಂಥಗಳಲ್ಲಿ. ಸುಮಾರು 1000ದ ಅಭಿನವಗುಪ್ತ, 1290ರ ಜ್ಞಾನೇಶ್ವರಿಯ ಆರನೇ ಅಧ್ಯಾಯ, 1577ರಲ್ಲಿ ಬಂಗಾಳದ ಪೂರ್ಣಾನಂದ ಬರೆದ 'ಷಟ್‌ಚಕ್ರನಿರೂಪಣ' ಅದರ ಮೈಲಿಗಲ್ಲುಗಳು. ಕಲ್ಕತ್ತದ ನ್ಯಾಯಾಧೀಶ ಜಾನ್ ವುಡ್ರಫ್ 1919ರಲ್ಲಿ 'ದಿ ಸರ್ಪೆಂಟ್ ಪವರ್' ಎಂದು ಇಂಗ್ಲಿಷಿಗೆ ತಂದದ್ದು ಈ ಕೊನೆಯದನ್ನೇ. ಹಾವು ಕಂಡಲ್ಲೆಲ್ಲ ಕುಂಡಲಿನಿಯನ್ನು ಕಾಣುವ ಚಟ ಊರೂರಿಗೆ ಹಬ್ಬಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಮೊಹೆಂಜೊದಾರೋ ಮುದ್ರೆಯ ಯೋಗಿಯನ್ನು ಎಳೆದು ತಂದು ಈ ಕಂದಕ ಮುಚ್ಚಲು ನೋಡುವವರಿದ್ದಾರೆ. ಲಿಪಿ ಓದಲಾಗದ ಮುದ್ರೆಗೆ ನಾವು ಏನನ್ನಾದರೂ ಹೇಳಿಸಬಹುದು.

ಹಾಗಾದರೆ ದಿಲ್ಮುನ್‌ನ ಹಾವಿಗೆ ಕನ್ನಡದಲ್ಲಿ ನಂಟರೇ ಇಲ್ಲವೇ? ಇದ್ದಾರೆ, ಆದರೆ ಆ ನಂಟು ಹಾವಿನದಲ್ಲ, ಗಿಲ್ಗಮೆಶ್‌ನ ಆಸೆಯದು.

15ನೇ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ನಾಥಯೋಗಿ ಗೋರಕ್ಷನ ಪ್ರಸಂಗ ಹೇಳುತ್ತಾನೆ. ಶೂನ್ಯಸಂಪಾದನೆಯಲ್ಲೂ ಅದಿದೆ. ಯೋಗಸಾಧನೆಯಿಂದ ಗೋರಕ್ಷನ ಮೈ ವಜ್ರವಾಗಿದೆ. ಶರಣ ಅಲ್ಲಮಪ್ರಭು ಕತ್ತಿ ಬೀಸಿದರೆ ಠಣ್ಣೆನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ಸಾವನ್ನು ತಡೆಯುವ ದೇಹ ಗಿಲ್ಗಮೆಶ್‌ಗೆ ಕೈತಪ್ಪಿತ್ತು, ಇವನಿಗೆ ದಕ್ಕಿದೆ. ಅಲ್ಲಮ ಮೆಚ್ಚುವುದಿಲ್ಲ. ಠಣ್ಣೆಂದರೆ ಅಲ್ಲಿ ದೇಹ ಇನ್ನೂ ಉಳಿದಿದೆ ಎಂದೇ ಲೆಕ್ಕ, ನಾನೆಂಬುದೂ ಉಳಿದಿದೆ. ಅದೇ ಕತ್ತಿಯನ್ನು ಗೋರಕ್ಷ ಅಲ್ಲಮನ ಮೇಲೆ ಬೀಸಿದಾಗ ಅದು ಗಾಳಿಯಲ್ಲಿ ಹಾಯ್ದಂತೆ ಹಾಯ್ದುಹೋಗುತ್ತದೆ. ಅಲ್ಲಮನನ್ನು ಹುಡುಕುವ ಕತ್ತಿಗೆ ತಾಗುವುದು ಬಯಲು. ಶರಣರಿಗೆ ಚಕ್ರಗಳು ಗೊತ್ತಿರಲಿಲ್ಲ ಎಂದಲ್ಲ. ಆಧಾರದಿಂದ ಆಜ್ಞೆಯವರೆಗೆ ಒಂದೊಂದು ಚಕ್ರಕ್ಕೆ ಒಂದೊಂದು ಲಿಂಗವನ್ನು ಹೊಂದಿಸಿದ ಷಟ್‌ಸ್ಥಲದ ಲೆಕ್ಕವೇ ಅವರಲ್ಲಿದೆ. ಶಕ್ತಿ ಎದ್ದದ್ದನ್ನೇ ಗುರಿ ಮುಟ್ಟಿದೆ ಎಂದು ಒಪ್ಪಲು ಮಾತ್ರ ಈ ಕಥೆ ತಯಾರಿಲ್ಲ.

ಹುಡುಕಾಟದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಸ್ವಾತ್ಮಾರಾಮನ 'ಹಠಯೋಗಪ್ರದೀಪಿಕೆ'. ಇದೂ ಹೆಚ್ಚುಕಡಿಮೆ 15ನೇ ಶತಮಾನದ್ದೇ. ಎಲ್ಲ ಯೋಗತಂತ್ರಗಳಿಗೂ ಕುಂಡಲಿಯೇ ಆಧಾರ ಎಂದು ಮೂರನೇ ಅಧ್ಯಾಯ ಶುರುಮಾಡುವ ಗ್ರಂಥ ಅದು. ಮೊದಲ ಅಧ್ಯಾಯದಲ್ಲಿ ಸಿದ್ಧರ ಪಟ್ಟಿಯಿದೆ: ಆದಿನಾಥ, ಮತ್ಸ್ಯೇಂದ್ರ, ಗೋರಕ್ಷ... ಓದುತ್ತ ಹೋದರೆ ಅಲ್ಲಮ ಪ್ರಭುದೇವನ ಹೆಸರು! ಇವರೆಲ್ಲ ಹಠಯೋಗದ ಬಲದಿಂದ ಕಾಲದಂಡವನ್ನು ಮುರಿದು ಬ್ರಹ್ಮಾಂಡದಲ್ಲಿ ಸಂಚರಿಸುತ್ತಿದ್ದಾರೆ ಎಂದು ಕವಿ ಹೇಳುತ್ತಾನೆ. ಕನ್ನಡದಲ್ಲಿ ಗೋರಕ್ಷನ ವಜ್ರಕಾಯವನ್ನು ನಗೆಗೀಡು ಮಾಡಿದವನು ಸಂಸ್ಕೃತದಲ್ಲಿ ಗೋರಕ್ಷನ ಸಾಲಿನಲ್ಲೇ ಕೂತಿದ್ದಾನೆ, ಅದೂ ಸಾವನ್ನು ಗೆದ್ದ ಹಠಯೋಗಿಯಾಗಿ.

ಅಲ್ಲಮನ ಬಳ್ಳಿಗಾವಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಅಲ್ಲಿನ ಕೋಡಿಯ ಮಠದ 1162ರ ಶಾಸನ ಮಠದ ಪಾಠಗಳನ್ನು ಹೇಳುವಾಗ ಲಾಕುಲ ಸಿದ್ಧಾಂತದ ಜೊತೆ ಪಾತಂಜಲ ಯೋಗವನ್ನೂ ಹೆಸರಿಸುತ್ತದೆ. ಯೋಗ ಆ ಊರಿಗೆ ಹೊಸದಲ್ಲ. ಅಂಥ ಊರಿನವನನ್ನು ಹಠಯೋಗಿಗಳು ತಮ್ಮವನೆಂದುಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಆದರೂ ಎರಡು ಸಾಕ್ಷಿಗಳಲ್ಲಿ ಒಂದನ್ನು ಆರಿಸಬೇಕಾದರೆ ನಾನು ಚಾಮರಸನ ಕಡೆಗೆ. ಪಟ್ಟಿಗೆ ಹೆಸರು ಸೇರಿಸುವುದು ಸುಲಭ. ಕತ್ತಿಯ ಆ ಪ್ರಸಂಗವನ್ನು ಕಟ್ಟಬೇಕಾದರೆ ಅಲ್ಲಮ ಏನು ಹೇಳಿದ ಎಂಬುದು ಗೊತ್ತಿರಬೇಕು.

ಅವರಿಬ್ಬರಿಗಿಂತ ಹಳೆಯ ಸಾಕ್ಷಿ ಹರಿಹರನ 'ಪ್ರಭುದೇವರ ರಗಳೆ'. ಪ್ರೀತಿಸಿದ ಕಾಮಲತೆ ತೀರಿಹೋದ ಸಂಕಟದಲ್ಲಿ ತೋಟದಲ್ಲಿ ಕೂತ ಅಲ್ಲಮ ಕಾಲ್ಬೆರಳಿನಿಂದ ಮಣ್ಣು ಕೆದಕುತ್ತಿರುವಾಗ ಕಳಸವೊಂದು ಕಾಣಿಸುತ್ತದೆ. ಅಗೆಸಿದರೆ ಹೂತುಹೋದ ಗುಡಿ. ಬಾಗಿಲೊದ್ದು ಒಳಹೊಕ್ಕಾಗ ಅಲ್ಲಿ ಅನಿಮಿಷಯ್ಯ ರೆಪ್ಪೆ ಮಿಟುಕಿಸದೆ ಕೂತಿದ್ದಾನೆ, ಅಂಗೈಯಲ್ಲಿ ಲಿಂಗ. ಮಾತಿಲ್ಲದೆ ಲಿಂಗ ಕೈಬದಲಾಗುತ್ತದೆ, ಗುರುವಿನ ಪ್ರಾಣ ಹೋಗುತ್ತದೆ. ಅಲ್ಲಮನಿಗೆ ಅರಿವು ಮೂಡುವ ಈ ಗಳಿಗೆಯನ್ನು ಹರಿಹರ ಕಟ್ಟಿದ್ದು ಒಂದು ಅಗೆತದ ಸುತ್ತ. ಅಲ್ಲಿ ಸಾವು ಎರಡು ಸಲ ಬರುತ್ತದೆ, ಯಾರೂ ಅದನ್ನು ಗೆಲ್ಲಹೊರಡುವುದಿಲ್ಲ.