ಶುದ್ಧ ಶಕ್ತಿ ಎಲ್ಲಿ ನಿಲ್ಲಬೇಕು? ನಾಗರಹೊಳೆ ಸೀಮೆಯ ನಾಲ್ಕು ತಾಲ್ಲೂಕುಗಳಿಂದ ಒಂದು ಸಮೀಕ್ಷೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರು ಜಿಲ್ಲೆಯ ಪಡುವಲ ಬದಿಯ ಈ ತಾಲ್ಲೂಕುಗಳಲ್ಲಿ ಚಿತ್ರದುರ್ಗದಂತೆ ಗುಡ್ಡದ ತುಂಬ ಗಾಳಿಯಂತ್ರಗಳಿಲ್ಲ, ಪಾವಗಡದಂತೆ ಕಣ್ಣು ಹಾಯಿಸಿದಷ್ಟೂ ಸೌರ ಫಲಕಗಳಿಲ್ಲ. ಆದರೂ ನವೀಕರಿಸಬಹುದಾದ ಶಕ್ತಿಯ ಹಲವು ರೂಪಗಳು ಇಲ್ಲಿ ಕಾಡನ್ನು ಮುಟ್ಟಿವೆ. ಕಬಿನಿ ಮತ್ತು ಕಾವೇರಿಯ ನೀರಿನಿಂದ ವಿದ್ಯುತ್ ಬರುತ್ತದೆ. ಕಾಡಂಚಿನ ಉದ್ದಕ್ಕೂ ಸೋಲಾರ್ ಬೇಲಿ ಓಡುತ್ತದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಲ್ಲಿ ಸೌದೆ ಉರಿಯುತ್ತದೆ. ಇವೆಲ್ಲಕ್ಕೂ ಬೆನ್ನು ಕೊಟ್ಟು ನಿಂತಿರುವುದು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ. ಹೊಗೆಯಿಲ್ಲದ ಶಕ್ತಿ ಬೇಕು, ಅದು ವನ್ಯಜೀವಿಗಳ ನೆಲೆಯನ್ನು ಕಸಿಯಬಾರದು ಎಂಬ ಎರಡು ಬಯಕೆಗಳನ್ನು ಒಟ್ಟಿಗೆ ಸಾಗಿಸುವ ವಿದ್ಯೆ ಹೇಗೆ ಬೆಳೆಯಿತು, ಎಲ್ಲಿ ಎಡವಿತು, ಈ ಸೀಮೆಗೆ ಅದರಿಂದ ಏನು ದಕ್ಕಬೇಕು ಎಂಬುದನ್ನು ಇಲ್ಲಿ ನೋಡೋಣ.

ನೀರಿನ ಯುಗ: ಲೆಕ್ಕಕ್ಕೆ ಬಾರದ ಕಾಡು

ಮೈಸೂರು ಸಂಸ್ಥಾನದಲ್ಲಿ ಜಲವಿದ್ಯುತ್ತಿನ ಕಥೆ 1902ರಲ್ಲಿ ಶಿವನಸಮುದ್ರದಿಂದ ಶುರುವಾಯಿತು. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲಬೇಕೆಂಬುದು ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಆಗಿನ ಎಂಜಿನಿಯರುಗಳು ಗದ್ದೆ, ಗಣಿ, ನಗರ ಎಲ್ಲವನ್ನೂ ಲೆಕ್ಕ ಹಾಕಿದರು. ಮೀನು, ನೀರುನಾಯಿ, ಆನೆಗಳಿಗೆ ಆ ಲೆಕ್ಕದಲ್ಲಿ ಒಂದು ಕಲಮೂ ಇರಲಿಲ್ಲ.

1974ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಬಳಿ ಕಬಿನಿ ಅಣೆಕಟ್ಟು ಮುಗಿದಾಗಲೂ ಮನೋಭಾವ ಅದೇ. ನೀರಾವರಿಯೇ ಅದರ ಮುಖ್ಯ ಗುರಿ. ವಿದ್ಯುತ್ ಘಟಕ ಬಂದದ್ದು ಬಹಳ ತಡವಾಗಿ. ಹಳ್ಳಿಗಳು ಮುಳುಗಿದವು, ಬೇಗೂರು ಮತ್ತು ಕಾಕನಕೋಟೆ ಕಡೆಯ ಹಸನಾದ ಕಣಿವೆ ಕಾಡು ಮುಳುಗಿತು. ಕಾಡಾನೆಗಳನ್ನು ಹಿಡಿಯುವ ಖೆಡ್ಡಾಗೆ ಹೆಸರಾಗಿದ್ದ ನೆಲದ ಒಂದು ಭಾಗವೂ ನೀರಿನಡಿ ಹೋಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬಂಡೀಪುರಕ್ಕೂ ನಾಗರಹೊಳೆಗೂ ನಡುವೆ ಅಗಲವಾದ ನೀರು ಹರಡಿಕೊಂಡಿತು.

ಮುಂದೆ ಯಾರೂ ಯೋಜಿಸದ ಬದಲಾವಣೆಯೊಂದು ಕಾಣಿಸಿತು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ತೆರೆದುಕೊಳ್ಳುವ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿದ ಆ ತಿಂಗಳುಗಳಲ್ಲಿ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಗುಂಪಾಗಿ ಕಾಣುವ ಜಾಗಗಳು ಲೋಕದಲ್ಲಿ ಕಡಿಮೆ. ಇದನ್ನು ಅಣೆಕಟ್ಟಿನ ಕೊಡುಗೆ ಎಂದು ಹೊಗಳುವವರಿದ್ದಾರೆ. ಆದರೆ ವರ್ಷವಿಡೀ ಮೇವು, ನೆರಳು ಕೊಡುತ್ತಿದ್ದ ಕಣಿವೆಯನ್ನು ಕಳೆದುಕೊಂಡ ಮೇಲೆ ಉಳಿದ ಬೇಸಿಗೆ ಹುಲ್ಲುಗಾವಲು ಅದು. ಈಗ ಅದರ ಬಾಳು ನಿಂತಿರುವುದು ನೀರನ್ನು ಯಾವಾಗ, ಎಷ್ಟು ಇಳಿಸುತ್ತಾರೆ ಎಂಬುದರ ಮೇಲೆ. ಹಾಗಾಗಿ ಜಲಾಶಯದ ನೀರಿನ ವೇಳಾಪಟ್ಟಿ ಕಬಿನಿಯಲ್ಲಿ ವನ್ಯಜೀವಿ ನಿರ್ವಹಣೆಯ ಮಾತೂ ಹೌದು.

ಸಣ್ಣದು ಎಂದರೆ ನಿರುಪದ್ರವಿಯೆ?

ದೊಡ್ಡ ಅಣೆಕಟ್ಟುಗಳ ವಿರುದ್ಧ ದನಿ ಎದ್ದ ಮೇಲೆ ಮಿನಿ ಹೈಡೆಲ್‌ಗಳ ಕಾಲ ಬಂತು. ನಮ್ಮಲ್ಲಿ 25 ಮೆಗಾವಾಟ್‌ವರೆಗಿನ ಜಲವಿದ್ಯುತ್ತನ್ನು ಸಣ್ಣದು ಎಂದು ಕರೆದು ಹಸಿರು ಪಟ್ಟ ಕೊಡಲಾಯಿತು. 2006ರ ಪರಿಸರ ಪರಿಣಾಮ ಅಧಿಸೂಚನೆಯೂ ಇದೇ ಗೆರೆಯನ್ನು ಒಪ್ಪಿ, ಅದಕ್ಕಿಂತ ಕೆಳಗಿನ ಜಲವಿದ್ಯುತ್ ಯೋಜನೆಗಳನ್ನು ಪರಿಸರ ಪರಿಣಾಮ ಅಧ್ಯಯನದಿಂದ ಹೊರಗಿಟ್ಟಿತು. ಕಬಿನಿ ಅಣೆಕಟ್ಟಿನ ಬುಡದ ಘಟಕ 20 ಮೆಗಾವಾಟ್, ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಕಾವೇರಿಯ ಮೇಲಿರುವ ಘಟಕ 18 ಮೆಗಾವಾಟ್. ಈ ಅಳತೆಯಲ್ಲಿ ಎರಡೂ ಸಣ್ಣವೇ.

ಆದರೆ ಮೆಗಾವಾಟ್ ಅಳೆಯುವುದು ಯಂತ್ರದ ಬಲವನ್ನು. ನದಿಗೆ ತಗಲುವ ಪೆಟ್ಟನ್ನಲ್ಲ. ನದಿ ನೀರನ್ನು ಕಾಲುವೆಗೆ ತಿರುಗಿಸಿ ಟರ್ಬೈನ್ ದಾಟಿಸಿ ಕೆಳಗೆ ಬಿಡುವ ಮಾದರಿಯಲ್ಲಿ, ತಿರುವಿಗೂ ಬಿಡುವ ಜಾಗಕ್ಕೂ ನಡುವಿನ ಪಾತ್ರ ಬೇಸಿಗೆಯಲ್ಲಿ ಬತ್ತಿಹೋಗಬಹುದು. ಸುಮನ್ ಜುಮಾನಿ ಮತ್ತು ಸಂಗಡಿಗರು ನೇತ್ರಾವತಿಯ ಉಪನದಿಗಳಲ್ಲಿ, ಕಟ್ಟೆ ಇರುವ ಮತ್ತು ಇಲ್ಲದ ಹೊಳೆಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಸಣ್ಣದು ನಿರುಪದ್ರವಿ ಎಂಬ ನಂಬಿಕೆಯನ್ನು ಅಲುಗಾಡಿಸಿತು. ನೀರು ಕಡಿದ ಭಾಗಗಳಲ್ಲಿ ನೀರಿನ ಬಿಸಿ ಏರಿತ್ತು, ಕರಗಿದ ಆಮ್ಲಜನಕ ಇಳಿದಿತ್ತು, ಮೀನುಗಳ ಬಳಗವೇ ಬದಲಾಗಿತ್ತು. ಒಂದೇ ಹೊಳೆಯ ಮೇಲೆ ಸಾಲಾಗಿ ನಿಂತ ಸಣ್ಣ ಕಟ್ಟೆಗಳ ಒಟ್ಟು ಪೆಟ್ಟನ್ನು ಯಾರೂ ಕೂಡಿ ನೋಡುವುದಿಲ್ಲ ಎಂಬುದೇ ಅಲ್ಲಿನ ದೊಡ್ಡ ಎಚ್ಚರಿಕೆ. ಕಾವೇರಿ ಕಣಿವೆಗೆ ಇದು ಹೊರಗಿನ ಸುದ್ದಿಯಲ್ಲ. ಲೋಕದಲ್ಲಿ ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ ಮಹಶೀರ್ ಮೀನು ಈ ನದಿ ವ್ಯವಸ್ಥೆಯದೇ. ಅದನ್ನು 2018ರಲ್ಲಿ ಅಳಿವಿನ ತೀರ ಹತ್ತಿರದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಹರಿವು ಕಡಿಯುವುದು ಅದರ ಸಂಕಟಗಳಲ್ಲಿ ಒಂದು.

ಗಾಳಿಗುಡ್ಡಗಳು ಕಲಿಸಿದ್ದು

ಗಾಳಿಯಂತ್ರಗಳ ವಿಚಾರದಲ್ಲಿ ಲೋಕದ ಮೊದಲ ಪಾಠ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಪಾಸ್‌ನಿಂದ ಬಂತು. 1980ರ ದಶಕದಲ್ಲಿ ಹದ್ದುಗಳ ಹಾರುದಾರಿಯಲ್ಲೇ ನಿಲ್ಲಿಸಿದ ಯಂತ್ರಗಳು ನೂರಾರು ಹಕ್ಕಿಗಳನ್ನು ಕೊಂದವು. ಕರ್ನಾಟಕದಲ್ಲಿ ಈಗ ಗಾಳಿ ವಿದ್ಯುತ್ತಿನ ಸಾಮರ್ಥ್ಯ 5,000 ಮೆಗಾವಾಟ್ ದಾಟಿದೆ. ಗದಗದ ಕಪ್ಪತಗುಡ್ಡದಲ್ಲಿ ಯಂತ್ರಗಳು ಮೊದಲು ಬಂದವು, ವನ್ಯಜೀವಿ ಧಾಮದ ಘೋಷಣೆ ಬಂದದ್ದು 2019ರಲ್ಲಿ. ಈ ಅದಲುಬದಲಾದ ಕ್ರಮವೇ ನಮ್ಮ ಯೋಜನೆಗಳ ಸ್ವಭಾವವನ್ನು ಹೇಳುತ್ತದೆ.

ಸಂಶೋಧನೆ ನಿಧಾನವಾಗಿ ಬೆನ್ನು ಹತ್ತಿತು. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಕಚ್ಛ್‌ನಲ್ಲೂ ನಮ್ಮ ಹರಪನಹಳ್ಳಿಯಲ್ಲೂ ಯಂತ್ರಗಳ ಬುಡದಲ್ಲಿ ಸತ್ತ ಹಕ್ಕಿಗಳನ್ನು ಹುಡುಕಿ ಲೆಕ್ಕ ಇಟ್ಟರು. ನಾಯಿ, ನರಿಗಳು ಎತ್ತಿಕೊಂಡು ಹೋಗುವ ಹೆಣಗಳನ್ನೂ ಅಂದಾಜಿಗೆ ಸೇರಿಸಬೇಕು ಎಂಬ ವಿಧಾನ ಹೀಗೆ ನಮ್ಮಲ್ಲಿ ನೆಲೆಯೂರಿತು. 2018ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಲ್ಕೆವಾಡಿ ಪ್ರಸ್ಥಭೂಮಿಯಿಂದ ಇನ್ನೂ ಆಳದ ಸಂಗತಿ ತಂದರು. ಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಕಡಿಮೆಯಾಗಿದ್ದವು, ಅವು ತಿನ್ನುವ ಓತಿಗಳು ಹೆಚ್ಚಾಗಿದ್ದವು, ಆ ಓತಿಗಳ ಅಂಜಿಕೆಯೂ ಮೈಬಣ್ಣವೂ ಬದಲಾಗಿದ್ದವು. ಅಂದರೆ ಸತ್ತ ಹಕ್ಕಿಗಳನ್ನು ಎಣಿಸಿದರಷ್ಟೇ ಸಾಲದು. ಯಾವ ಜೀವಿ ಅಲ್ಲಿಗೆ ಬರುವುದನ್ನೇ ಬಿಟ್ಟಿತು ಎಂದೂ ನೋಡಬೇಕು.

ಪರಿಹಾರಗಳೂ ಪಕ್ವವಾದವು. ಸ್ಪೇನಿನ ತಾರಿಫಾದಲ್ಲಿ ರಣಹದ್ದುಗಳು ಹತ್ತಿರ ಬಂದಾಗ ಮಾತ್ರ ಯಂತ್ರ ನಿಲ್ಲಿಸಿ ಸಾವನ್ನು ಅರ್ಧಕ್ಕೆ ಇಳಿಸಿದರು. ವಿದ್ಯುತ್ತಿನ ನಷ್ಟ ನೂರಕ್ಕೆ ಒಂದು ಪಾಲೂ ಆಗಲಿಲ್ಲ. ನಾರ್ವೆಯ ಸ್ಮೋಲಾದಲ್ಲಿ ಮೂರು ಅಲಗುಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಶೇ 70ಕ್ಕಿಂತ ಹೆಚ್ಚು ಇಳಿಯಿತೆಂದು 2020ರಲ್ಲಿ ವರದಿಯಾಯಿತು. ಆದರೂ ಕ್ಷೇತ್ರದಲ್ಲಿ ದುಡಿದವರೆಲ್ಲ ಒಪ್ಪುವ ಕ್ರಮ ಒಂದೇ: ಮೊದಲು ತಪ್ಪು ಜಾಗವನ್ನು ಬಿಡುವುದು, ಆಮೇಲೆ ಹಾನಿ ತಗ್ಗಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು, ಕೊನೆಗಷ್ಟೇ ಬೇರೆಡೆ ಗಿಡ ನೆಟ್ಟು ತುಂಬಿಕೊಡುವುದು. ನಮ್ಮ ಕಡತಗಳು ಹೆಚ್ಚಾಗಿ ಈ ಕೊನೆಯ ಮೆಟ್ಟಿಲಿನಿಂದಲೇ ಶುರುವಾಗುತ್ತವೆ.

ತಂತಿಯೇ ಯಮ

ಯಂತ್ರ ಎಲ್ಲೋ ಇರುತ್ತದೆ, ತಂತಿ ಎಲ್ಲ ಕಡೆಯೂ ಬರುತ್ತದೆ. ಎರೆಭೂತ ಎಂದು ನಮ್ಮವರು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ರಾಜಸ್ಥಾನದಲ್ಲಿ ಅಳಿವಿನ ಅಂಚಿಗೆ ಬಂದದ್ದರಲ್ಲಿ ಸೌರ ಮತ್ತು ಗಾಳಿ ವಿದ್ಯುತ್ ಸಾಗಿಸುವ ಮಾರ್ಗಗಳ ಪಾಲು ದೊಡ್ಡದು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಂತಿಗಳನ್ನು ನೆಲದಡಿಗೆ ಇಳಿಸಲು ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಮಾರ್ಪಡಿಸಿ ತಜ್ಞರ ಸಮಿತಿ ನೇಮಿಸಿತು. ಬಳ್ಳಾರಿಯ ಸಿರುಗುಪ್ಪ ಬಯಲಿನಲ್ಲಿ ಕೆಲವೇ ಎರೆಭೂತಗಳನ್ನು ಉಳಿಸಿಕೊಂಡಿರುವ ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಂತಿಗೆ ಬಲಿಯಾಗುವುದು ಆನೆ. ಬೆಳೆ ಕಾಯಲು ಬಂದ ಸೋಲಾರ್ ಬೇಲಿ ಮೂಲತಃ ಕರುಣೆಯ ಉಪಾಯ. ಫಲಕದಿಂದ ತುಂಬಿದ ಬ್ಯಾಟರಿ ಕ್ಷಣಮಾತ್ರದ ಝಟಕಾ ಕೊಟ್ಟು ಬಿಡುತ್ತದೆ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಆದರೆ ತಂತಿಗೆ ಬಳ್ಳಿ ಹಬ್ಬಿದರೆ, ಬ್ಯಾಟರಿ ಕೆಟ್ಟರೆ ಝಟಕಾ ಸೊರಗುತ್ತದೆ. ಆನೆಗಳೂ ಮರ ಕೆಡವಿ ತಂತಿ ತುಳಿಯುವುದನ್ನು ಕಲಿಯುತ್ತವೆ. ಸೋತ ರೈತ ಕಂಬದ ಕರೆಂಟನ್ನೇ ಬೇಲಿಗೆ ಹಾಯಿಸಿದರೆ ಆ ಬೇಲಿ ಕೊಲ್ಲುವ ಬಲೆಯಾಗುತ್ತದೆ, ಮನುಷ್ಯರಿಗೂ ಸಹ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಕಡೆ ಬೇಲಿಯ ಬದಲು ಹಳೆಯ ರೈಲು ಕಂಬಿಗಳ ತಡೆ ಬಂತು. 2018ರ ಡಿಸೆಂಬರ್‌ನಲ್ಲಿ ಅದನ್ನು ದಾಟಲು ಹೋದ ಸಲಗವೊಂದು ಅದರ ಮೇಲೆಯೇ ಸಿಕ್ಕಿ ಸತ್ತಿತು.

2024ರ ಜೂನ್‌ನಲ್ಲಿ ಹುಣಸೂರು ತಾಲ್ಲೂಕಿನ ಭೀಮನಕಟ್ಟೆ ಆನೆ ಶಿಬಿರದ ಬಳಿ ದಸರಾ ಆನೆ ಅಶ್ವತ್ಥಾಮ ಸೋಲಾರ್ ಬೇಲಿ ತಗಲಿ ವಿದ್ಯುದಾಘಾತದಿಂದ ಸತ್ತಿತು. ಆ ಬೇಲಿಯ ತಂತಿಗೆ ವಿದ್ಯುತ್ ಮಾರ್ಗದ ಕರೆಂಟ್ ಹರಿದಿತ್ತು ಎಂದು ವರದಿಗಳು ಹೇಳಿದವು. ನಾಡಹಬ್ಬದಲ್ಲಿ ಲಕ್ಷಾಂತರ ಜನ ನೋಡಿದ ಆನೆಯ ಸಾವಿನ ಬಳಿಕ ಕರ್ನಾಟಕ ಹೈಕೋರ್ಟ್ ವಿದ್ಯುತ್ ತಗಲಿ ಸಾಯುತ್ತಿರುವ ಆನೆಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಮಾಡಬೇಕಾದ್ದು ಗೊತ್ತೇ ಇದೆ: ಆನೆ ಓಡಾಡುವ ಕಡೆ ಜೋತುಬಿದ್ದ ತಂತಿಗಳನ್ನು ಎತ್ತರಿಸುವುದು, ಕಂಬಕ್ಕೆ ಆನೆ ಮೈ ಉಜ್ಜದಂತೆ ಮುಳ್ಳು ಕಟ್ಟುವುದು, ಕಾಡಿನೊಳಗಿನ ಮಾರ್ಗಗಳಿಗೆ ಹೊದಿಕೆಯ ಕೇಬಲ್ ಹಾಕುವುದು, ಬೇಲಿ ಮತ್ತು ಮುಖ್ಯ ಮಾರ್ಗ ಎಲ್ಲೂ ಒಂದನ್ನೊಂದು ಮುಟ್ಟದಂತೆ ನೋಡುವುದು. ಭಾರತೀಯ ವನ್ಯಜೀವಿ ಸಂಸ್ಥೆ 2016ರಲ್ಲಿ ರಸ್ತೆ, ರೈಲು, ವಿದ್ಯುತ್ ಮಾರ್ಗಗಳಿಗೆ ಇಂಥ ಕ್ರಮಗಳ ಕೈಪಿಡಿಯನ್ನೇ ತಂದಿದೆ.

ಒಲೆಯೊಳಗಿನ ಕಾಡು

ಈ ಸೀಮೆಯ ಹಳೆಯ ನವೀಕರಿಸಬಹುದಾದ ಇಂಧನ ಸೌದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೇರಿ ದೇಶದ ಮುಖ್ಯ ವರ್ಜೀನಿಯಾ ಹೊಗೆಸೊಪ್ಪು ಸೀಮೆಗಳಲ್ಲಿ ಒಂದು. ಒಂದು ಕಿಲೋ ಎಲೆಯನ್ನು ಬ್ಯಾರನ್‌ನಲ್ಲಿ ಹದ ಮಾಡಲು ನಾಲ್ಕೈದು ಕಿಲೋ ಅಥವಾ ಅದಕ್ಕಿಂತ ಹೆಚ್ಚು ಸೌದೆ ಬೇಕು. ತೋಟದ ಸಿಲ್ವರ್ ಓಕ್, ನೀಲಗಿರಿ ಸಾಲದಾದಾಗ ಒತ್ತಡ ಹೊಲದ ಬದುವಿನ ಮರಗಳ ಮೇಲೆ, ಕಾಡಂಚಿನ ಮರಗಳ ಮೇಲೆ ಬೀಳುತ್ತದೆ. ಅವೇ ಮರಗಳು ಹಕ್ಕಿ, ಬಾವಲಿಗಳಿಗೆ ಕಾಡಿನಾಚೆಯ ಆಸರೆ. ಛಾವಣಿಗೆ ಶಾಖ ಹಿಡಿಯುವ ಹೊದಿಕೆ, ಉತ್ತಮ ಕುಲುಮೆ, ಕಾಫಿ ಸಿಪ್ಪೆ ಮತ್ತು ಹೊಟ್ಟಿನ ಇಟ್ಟಿಗೆ ಇವುಗಳಿಂದ ಸೌದೆ ಉಳಿಸಬಹುದು ಎಂಬುದು ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರಕ್ಕೂ ರೈತರಿಗೂ ಗೊತ್ತಿರುವ ಮಾತು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ‘ನಮ್ಮ ಸಂಘ’ ಎಂಬ ಸಂಸ್ಥೆ ಅಡುಗೆ ಅನಿಲ ಹಂಚಿದ್ದರ ಹಿಂದೆಯೂ ಇದೇ ಆಲೋಚನೆ: ಒಲೆ ಬದಲಾದರೆ ಕಾಡಿಗೆ ಹೋಗುವ ಕಾಲುಗಳು ಕಡಿಮೆಯಾಗುತ್ತವೆ.

ಭೂಪಟವೇ ಮೊದಲ ರಕ್ಷೆ

ಕ್ಷೇತ್ರದ ಈಗಿನ ತಿರುವು ಭೂಪಟದ ಕಡೆಗೆ. 2012ರಲ್ಲಿ ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ ರಾಜ್ಯವನ್ನು ಆನೆಗಳ ಸಂರಕ್ಷಣೆ, ಸಹಬಾಳ್ವೆ, ತೆರವಿನ ವಲಯಗಳಾಗಿ ನೋಡಬೇಕೆಂದು ಸೂಚಿಸಿತು. ಬರ್ಡ್‌ಲೈಫ್ ಸಂಸ್ಥೆ 2022ರಲ್ಲಿ ತಂದ ಅವಿಸ್ಟೆಪ್ ಎಂಬ ಆನ್‌ಲೈನ್ ನಕ್ಷೆ ಭಾರತದಲ್ಲಿ ಗಾಳಿ, ಸೌರ ಘಟಕ ಮತ್ತು ತಂತಿಗಳಿಗೆ ಹಕ್ಕಿಗಳ ದೃಷ್ಟಿಯಿಂದ ಯಾವ ಜಾಗ ಅಪಾಯದ್ದು ಎಂದು ಬಣ್ಣ ಹಚ್ಚಿ ತೋರಿಸುತ್ತದೆ. ಈಗಾಗಲೇ ಬಳಕೆಯಲ್ಲಿರುವ, ಕೆಟ್ಟ ನೆಲದಲ್ಲೇ ದೇಶದ ನವೀಕರಿಸಬಹುದಾದ ಶಕ್ತಿಯ ಗುರಿ ಮುಟ್ಟಲು ಬೇಕಾದ್ದಕ್ಕಿಂತ ಹಲವು ಪಟ್ಟು ಜಾಗ ಸಿಗುತ್ತದೆ ಎಂದು 2020ರ ಅಧ್ಯಯನವೊಂದು ತೋರಿಸಿದೆ. ಹೀಗಿದ್ದೂ ಸೌರ ಫಲಕ ಮತ್ತು ಗಾಳಿ ಯೋಜನೆಗಳು ಪರಿಸರ ಪರಿಣಾಮ ಅಧ್ಯಯನದ ಕಡ್ಡಾಯದಿಂದ ಹೊರಗಿವೆ. ಶರಾವತಿ ಕಣಿವೆಯ ಸಿಂಗಳೀಕಗಳ ಅಭಯಾರಣ್ಯದಲ್ಲಿ ನೀರನ್ನು ಮೇಲಕ್ಕೆತ್ತಿ ವಿದ್ಯುತ್ ಕೂಡಿಡುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿವಾದ, ಜಾಗದ ಪ್ರಶ್ನೆಯನ್ನು ಕೊನೆಗೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ.

ನಾಲ್ಕು ತಾಲ್ಲೂಕುಗಳಿಗೆ ಈ ನೂರಿಪ್ಪತ್ತು ವರ್ಷಗಳ ಅನುಭವದಿಂದ ಬರುವ ಕೆಲಸಗಳು ಸ್ಪಷ್ಟ. ಕಬಿನಿ ಮತ್ತು ಚುಂಚನಕಟ್ಟೆಯಲ್ಲಿ ಬೇಸಿಗೆಯ ಕನಿಷ್ಠ ಹರಿವನ್ನು ನಿಗದಿ ಮಾಡಿ, ದಿನದ ಲೆಕ್ಕವನ್ನು ಜನರ ಮುಂದಿಡಬೇಕು. ಅರಣ್ಯ ಇಲಾಖೆಯೂ ವಿದ್ಯುತ್ ಸರಬರಾಜು ಕಂಪನಿ ಸೆಸ್ಕೂ ಕೂಡಿ ಕಾಡಂಚಿನ ಪ್ರತಿ ಕಂಬ, ಪ್ರತಿ ಬೇಲಿಯನ್ನು ಮಳೆಗಾಲಕ್ಕೆ ಮೊದಲು ನೋಡಿ ಬರಬೇಕು. ಬ್ಯಾರನ್ ಸುಧಾರಣೆಗೆ ಸಹಾಯಧನ ಕಾಡಂಚಿನ ಹಳ್ಳಿಗಳಿಗೆ ಮೊದಲು ತಲುಪಬೇಕು. ರೈತರಿಗಾಗಿ ಇರುವ ಕುಸುಮ್‌ನಂಥ ಸೌರ ಯೋಜನೆಗಳಲ್ಲಿ ಬರುವ ಸೌರ ಘಟಕಗಳು ಮನೆಯ ಛಾವಣಿ, ಶಾಲೆ, ಎಪಿಎಂಸಿ ಅಂಗಳಗಳಲ್ಲಿ ನಿಲ್ಲಲಿ. ಆನೆ ದಾರಿಯಲ್ಲಿ, ಹುಲ್ಲುಬಯಲಿನಲ್ಲಿ ಬೇಡ. ಬಂದ ಮೇಲೂ ಮೂರು ನಾಲ್ಕು ವರ್ಷ ಅವುಗಳ ಸುತ್ತ ಏನು ಬದಲಾಯಿತು ಎಂದು ಹುಣಸೂರು, ಮೈಸೂರಿನ ಕಾಲೇಜುಗಳ ಜೀವಶಾಸ್ತ್ರ ವಿಭಾಗಗಳು ದಾಖಲಿಸಲಿ. ಇದಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಶಕ್ತಿ ಶುದ್ಧವೆನಿಸಿಕೊಳ್ಳಬೇಕಾದರೆ ಅದರ ಚಿಮಣಿಯಲ್ಲಿ ಹೊಗೆ ಇಲ್ಲದಿದ್ದರೆ ಸಾಲದು, ಅದು ನಿಂತ ಜಾಗವೂ ಸರಿಯಿರಬೇಕು. ಅನುಮತಿ ಪತ್ರಕ್ಕೆ ಸಹಿ ಬೀಳುವ ಮುನ್ನ ಈ ಪ್ರಶ್ನೆ ಕೇಳುವ ಹಕ್ಕು ಈ ತಾಲ್ಲೂಕುಗಳ ಪ್ರತಿ ಗ್ರಾಮಸಭೆಗೂ ಸಿಗಬೇಕು.