ಜಾಲಪುಟದ ಚಿತ್ರತಂತ್ರಾಂಶಗಳು: ಆಯ್ಕೆಯ ಚರಿತ್ರೆಯ ಒಂದು ವಿವೇಚನೆ

ಜಾಲತಾಣಗಳನ್ನು ನಿರ್ಮಿಸುವವರು ಚಿತ್ರರಚನೆಗಾಗಿ ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಮೇಲುನೋಟಕ್ಕೆ ಕುಶಲಕರ್ಮಿಗಳಿಗೆ ಮಾತ್ರ ಸಂಬಂಧಿಸಿದುದಾಗಿ ತೋರಬಹುದು. ಆದರೆ ಕಳೆದ ಮೂರು ದಶಕಗಳ ವೃತ್ತಾಂತವನ್ನು ಅನುಕ್ರಮವಾಗಿ ಪರಿಶೀಲಿಸಿದರೆ, ಅದರಲ್ಲಿ ಇತಿಹಾಸದ ವಿದ್ಯಾರ್ಥಿಗೂ ವಿಚಾರಯೋಗ್ಯವಾದ ಸಂಗತಿಯಿದೆಯೆಂಬುದು ವ್ಯಕ್ತವಾಗುತ್ತದೆ. ಉಪಕರಣಗಳು ಬಂದುವು, ಹೋದುವು. ಅವುಗಳಿಂದ ರಚಿತವಾದ ಕೃತಿಗಳು ಉಳಿದುವೇ, ಇಲ್ಲವೇ ಎಂಬುದು ಉಪಕರಣದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ, ಅದು ಬಳಸಿದ ಕಡತದ ಸ್ವರೂಪ ಯಾರ ವಶದಲ್ಲಿತ್ತು ಎಂಬುದನ್ನು ಅವಲಂಬಿಸಿತ್ತು. ಇದನ್ನು ಕೆಲವು ನಿದರ್ಶನಗಳಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ಪ್ರಚಾರಕ್ಕೆ ಬಂದ ಮೇಲೆ, ಬರಹದ ನಡುವೆಯೇ ಚಿತ್ರವನ್ನು ಕಾಣಿಸುವ ಪದ್ಧತಿ ರೂಢಿಯಾಯಿತು. ಆಗ ಚಿತ್ರಕಾರರಿಗೆ ಪರಿಚಿತವಾಗಿದ್ದ ಪ್ರಮುಖ ಉಪಕರಣ ಫೋಟೋಶಾಪ್. ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಈ ತಂತ್ರಾಂಶವನ್ನು ಅಡೋಬ್ ಸಂಸ್ಥೆ 1990ರಲ್ಲಿ ಹೊರತಂದಿತ್ತು. ಛಾಯಾಚಿತ್ರ ಹಾಗೂ ಮುದ್ರಣದ ಕೆಲಸಗಳಲ್ಲಿ ಬೆಳೆದ ಸಾಧನ ಅದು. ಜಾಲಪುಟದ ಆವಶ್ಯಕತೆಗಳಾದರೋ ಬೇರೆ. ದೂರವಾಣಿಯ ತಂತಿಯಲ್ಲಿ ನಿಧಾನವಾಗಿ ಸಾಗುವ ಚಿತ್ರ ಆದಷ್ಟು ಹಗುರವಾಗಿರಬೇಕಾಗಿತ್ತು. ಅನೇಕ ಪರದೆಗಳು 256 ಬಣ್ಣಗಳನ್ನು ಮಾತ್ರ ತೋರಿಸಬಲ್ಲವಾಗಿದ್ದುದರಿಂದ, ವಿವಿಧ ಯಂತ್ರಗಳಲ್ಲಿ ಒಂದೇ ತೆರನಾಗಿ ಕಾಣುವ 216 ಬಣ್ಣಗಳೊಳಗೇ ಕೆಲಸ ಮಾಡುವುದು ವಾಡಿಕೆಯಾಯಿತು.

ಕಡತದ ಸ್ವರೂಪದ ಮಹತ್ತ್ವ ಮೊದಲು ಮನದಟ್ಟಾದುದು ಜಿ.ಐ.ಎಫ್. ವಿವಾದದಿಂದ. ಈ ಸ್ವರೂಪವನ್ನು ಕಂಪ್ಯುಸರ್ವ್ ಸಂಸ್ಥೆ 1987ರಲ್ಲಿ ಪ್ರಕಟಿಸಿತ್ತು. ಎಲ್ಲರೂ ಅದನ್ನು ನಿಶ್ಚಿಂತೆಯಿಂದ ಬಳಸುತ್ತಿದ್ದರು. ಅದರಲ್ಲಿ ಅಡಗಿದ್ದ ಸಂಕೋಚನ ವಿಧಾನದ ಪೇಟೆಂಟ್ ಯುನಿಸಿಸ್ ಸಂಸ್ಥೆಗೆ ಸೇರಿದ್ದು, ತಂತ್ರಾಂಶ ನಿರ್ಮಾಪಕರು ಪರವಾನಗಿ ಪಡೆಯಬೇಕೆಂಬ ಘೋಷಣೆ 1994ರ ಡಿಸೆಂಬರಿನಲ್ಲಿ ಹೊರಬಿದ್ದಿತು. ಇದಕ್ಕೆ ಉತ್ತರವಾಗಿ, ಆಸಕ್ತರು ಮರುವರ್ಷವೇ ಪಿ.ಎನ್.ಜಿ. ಎಂಬ ಮುಕ್ತ ಸ್ವರೂಪವನ್ನು ರೂಪಿಸತೊಡಗಿದರು. 1996ರ ಅಕ್ಟೋಬರಿನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅದನ್ನು ಶಿಫಾರಸು ಮಾಡಿತು. ಪೇಟೆಂಟ್ ಅಮೆರಿಕದಲ್ಲಿ 2003ರಲ್ಲಿ ಮುಗಿದುಹೋಯಿತು, ಪಿ.ಎನ್.ಜಿ. ಇಂದಿಗೂ ಬಳಕೆಯಲ್ಲಿದೆ.

ಜಾಲಪುಟಕ್ಕಾಗಿಯೇ ಸಿದ್ಧವಾದ ತಂತ್ರಾಂಶಗಳಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯ ಫೈರ್‌ವರ್ಕ್ಸ್ ಗಣನೀಯವಾದುದು. 1998ರಲ್ಲಿ ಬಂದ ಇದು ಪುಟದ ವಿನ್ಯಾಸವನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಹಗುರಗೊಳಿಸಿ, ಅವನ್ನು ಜೋಡಿಸುವ ಎಚ್.ಟಿ.ಎಂ.ಎಲ್. ಬರಹವನ್ನೂ ತಾನೇ ಒದಗಿಸುತ್ತಿತ್ತು. ಅದೇ ವರ್ಷ ಅಡೋಬ್ ಸಂಸ್ಥೆಯೂ ಇಮೇಜ್‌ರೆಡಿ ಎಂಬುದನ್ನು ಹೊರತಂದಿತು. ಈ ಸ್ಪರ್ಧೆ ಮುಗಿದುದು ಗುಣದೋಷಗಳ ತುಲನೆಯಿಂದಲ್ಲ. 2005ರಲ್ಲಿ ಅಡೋಬ್ ಮ್ಯಾಕ್ರೋಮೀಡಿಯಾವನ್ನೇ ಕೊಂಡುಕೊಂಡಿತು. 2007ರಲ್ಲಿ ಇಮೇಜ್‌ರೆಡಿ ನಿಂತುಹೋಯಿತು. 2013ರ ಮೇ ತಿಂಗಳಲ್ಲಿ ಫೈರ್‌ವರ್ಕ್ಸ್‌ನ ಬೆಳವಣಿಗೆಯನ್ನು ಮುಂದುವರಿಸುವುದಿಲ್ಲವೆಂದು ಪ್ರಕಟವಾಯಿತು. ತನ್ನ ಮುಂದಿನ ಆವೃತ್ತಿಗಳನ್ನು ಮಾರುವ ಬದಲು ಚಂದಾ ಪದ್ಧತಿಯಲ್ಲಿ ಮಾತ್ರ ಒದಗಿಸುವುದಾಗಿ ಆ ಸಂಸ್ಥೆ ಸಾರಿದುದೂ ಅದೇ ತಿಂಗಳಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಲಕ್ಷಿಸಬೇಕು. ಫೈರ್‌ವರ್ಕ್ಸ್ ತನ್ನ ಮೂಲಕಡತವನ್ನು ಪಿ.ಎನ್.ಜಿ. ಹೆಸರಿನಲ್ಲಿಯೇ ಉಳಿಸುತ್ತಿತ್ತು. ಅಂಥ ಕಡತವನ್ನು ಯಾವ ಬ್ರೌಸರಿನಲ್ಲಿ ತೆರೆದರೂ ಚಿತ್ರ ಕಾಣುತ್ತದೆ. ಆದರೆ ಪದರಗಳು, ತಿದ್ದಬಹುದಾದ ಅಕ್ಷರಗಳು, ರೇಖೆಗಳ ವಿವರಗಳು ಇವೆಲ್ಲ ಆ ತಂತ್ರಾಂಶಕ್ಕೇ ವಿಶಿಷ್ಟವಾದ ಭಾಗದಲ್ಲಿ ಸೇರಿಕೊಂಡಿದ್ದುವು. ಸ್ವರೂಪ ಹೊರಗೆ ಮುಕ್ತ, ಒಳಗೆ ಬಂಧಿತ. ಉಪಕರಣ ಹೋದ ಮೇಲೆ ಚಿತ್ರ ಉಳಿಯಿತಾದರೂ ಅದನ್ನು ತಿದ್ದುವ ಸೌಕರ್ಯ ಉಳಿಯಲಿಲ್ಲ.

ಇನ್ನೊಂದು ಪರಂಪರೆಯೂ ಉಂಟು. ಬರ್ಕ್ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಗಿಂಪ್, ಮೂಲಸಂಕೇತ ಎಲ್ಲರಿಗೂ ದೊರೆಯುವಂಥದು. 2001ರಲ್ಲಿ ಎಸ್.ವಿ.ಜಿ. ಎಂಬ ರೇಖಾಚಿತ್ರ ಸ್ವರೂಪ ಅಧಿಕೃತವಾಯಿತು. ಅದನ್ನೇ ಮೂಲಕಡತವಾಗಿ ಅಂಗೀಕರಿಸಿದ ಇಂಕ್‌ಸ್ಕೇಪ್ 2003ರಲ್ಲಿ ಹುಟ್ಟಿತು. ಇವು ನಿರ್ದೋಷವೆಂದು ಹೇಳುವಂತಿಲ್ಲ. ಮೂಲಚಿತ್ರಕ್ಕೆ ಹಾನಿಯಾಗದಂತೆ ಪರಿಣಾಮಗಳನ್ನು ಅಳವಡಿಸುವ ಸೌಲಭ್ಯ ಗಿಂಪ್‌ಗೆ ದೊರೆತುದು 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ. ಆದುದರಿಂದ ಅನೇಕ ವೃತ್ತಿನಿರತರು ಸೌಕರ್ಯವನ್ನರಸಿ ಬೇರೆಡೆಗೆ ಹೋದುದು ಸಹಜವೇ.

2010ರ ಅನಂತರ ಪರಿಸ್ಥಿತಿ ಮತ್ತೆ ಬದಲಾಯಿತು. ಕೈಫೋನಿನಿಂದ ಹಿಡಿದು ದೊಡ್ಡ ಪರದೆಯವರೆಗೆ ಹೊಂದಿಕೊಳ್ಳುವ ಪುಟಗಳು ಬಂದುವು; ದುಂಡು ಮೂಲೆ, ನೆರಳು ಮೊದಲಾದುವನ್ನು ಚಿತ್ರವಿಲ್ಲದೆ ಸಿ.ಎಸ್.ಎಸ್. ಬರಹದಿಂದಲೇ ಸಾಧಿಸಬಹುದಾಯಿತು. ಪುಟವನ್ನು ಕತ್ತರಿಸುವ ಕೌಶಲ ಅನಾವಶ್ಯಕವಾಯಿತು. ಸ್ಕೆಚ್, ಆಮೇಲೆ ಬ್ರೌಸರಿನಲ್ಲಿಯೇ ನಡೆಯುವ ಫಿಗ್ಮಾ ಪ್ರಾಬಲ್ಯಕ್ಕೆ ಬಂದುವು. ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಅಡೋಬ್ 2022ರಲ್ಲಿ ಸಾರಿತು. ಯೂರೋಪಿನ ಹಾಗೂ ಬ್ರಿಟನ್ನಿನ ನಿಯಂತ್ರಕರ ಆಕ್ಷೇಪದಿಂದ 2023ರ ಡಿಸೆಂಬರಿನಲ್ಲಿ ಆ ಒಪ್ಪಂದ ಮುರಿದುಬಿದ್ದಿತು. ಮೊದಲು ನಮ್ಮ ಯಂತ್ರದಲ್ಲಿರುತ್ತಿದ್ದ ಮೂಲಕಡತ ಈಗ ಸಂಸ್ಥೆಯ ಉಗ್ರಾಣದಲ್ಲಿರುವುದರಿಂದ, ಇಂಥ ಕೊಡುಕೊಳ್ಳುವಿಕೆಗಳು ಬಳಕೆದಾರನಿಗೆ ಹೆಚ್ಚು ನಿಕಟವಾದುವಾಗಿವೆ.

ಕನ್ನಡಿಗರಿಗೆ ಇದರಲ್ಲಿ ಪ್ರತ್ಯೇಕವಾದ ಪಾಠವಿದೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದರೂ, ಅದನ್ನು ಸರಿಯಾಗಿ ಮೂಡಿಸುವ ಅಕ್ಷರವಿನ್ಯಾಸಗಳು ಗಣಕಗಳಲ್ಲಿ ಸಾಮಾನ್ಯವಾಗಲು ವರ್ಷಗಳೇ ಹಿಡಿದುವು. ಆ ಅವಧಿಯಲ್ಲಿ ಕನ್ನಡ ಶೀರ್ಷಿಕೆಗಳನ್ನು ಚಿತ್ರವಾಗಿ ಬರೆದು ಪುಟಕ್ಕೆ ಅಂಟಿಸುವುದುಂಟಾಗಿತ್ತು. ಅಂಥ ಬರಹ ಹುಡುಕಾಟಕ್ಕೆ ಸಿಕ್ಕದು. ಅಂಧರಿಗೆ ಓದಿಹೇಳುವ ಯಂತ್ರಕ್ಕೂ ಎಟುಕದು. ಮೂಲಕಡತ ಕಳೆದರೆ ಒಂದು ಕಾಗುಣಿತದ ತಪ್ಪನ್ನೂ ತಿದ್ದಲಾಗದು. ಇಂದು ತಂತ್ರಾಂಶವನ್ನು ಆರಿಸುವವರು ‘ಸ್ತ್ರೀ’, ‘ರಾಷ್ಟ್ರ’, ‘ಕಾರ್ಯ’ ಎಂಬ ಮೂರು ಪದಗಳನ್ನು ಅದರಲ್ಲಿ ಬರೆದು ನೋಡಿದರೆ, ಒತ್ತಕ್ಷರವನ್ನೂ ಅರ್ಕಾವತ್ತನ್ನೂ ಅದು ಬಲ್ಲುದೇ ಎಂಬುದು ಕೂಡಲೇ ತಿಳಿಯುತ್ತದೆ.

ಮೇಲಿನ ವಿವೇಚನೆಯಿಂದ, ಇಂಥದೇ ತಂತ್ರಾಂಶ ಶ್ರೇಷ್ಠವೆಂಬ ತೀರ್ಮಾನ ಹೊರಡುವುದಿಲ್ಲ. ಕೆಲಸದ ಅನುಕೂಲಕ್ಕಾಗಿ ಯಾವುದನ್ನಾದರೂ ಬಳಸಬಹುದು. ಆದರೆ ಮುಖ್ಯ ಕೃತಿಗಳ ಒಂದು ಪ್ರತಿಯನ್ನು ಎಸ್.ವಿ.ಜಿ., ಪಿ.ಎನ್.ಜಿ. ಮುಂತಾದ ಮುಕ್ತ ಸ್ವರೂಪಗಳಲ್ಲಿ ಬೇರೆಯಾಗಿ ಕಾಪಾಡುವುದು, ಬರಹವನ್ನು ಚಿತ್ರದೊಳಗೆ ಹುದುಗಿಸದೆ ಬರಹವಾಗಿಯೇ ಇಡುವುದು, ಈ ಎರಡು ನಿಯಮಗಳನ್ನು ಪಾಲಿಸುವುದು ಅವಶ್ಯ. ನಮ್ಮ ಕಾಲೇಜುಗಳು ತಮ್ಮ ಜಾಲತಾಣಗಳಲ್ಲಿ ಸಂಗ್ರಹಿಸುತ್ತಿರುವ ಸಾಮಗ್ರಿ ಮುಂದಿನ ಸಂಶೋಧಕರಿಗೆ ಆಕರವಾಗಬೇಕಾದರೆ ಇಷ್ಟು ಎಚ್ಚರ ಈಗಿನಿಂದಲೇ ಬೇಕು.