ಮುಖವಾಡ ಮತ್ತು ಸಹಿ

ರಿಚರ್ಡ್ ನಿಕ್ಸನ್ ಅವರ ದನಿಯನ್ನು ನಾನು ಮೊದಲ ಸಲ ಗಮನವಿಟ್ಟು ಕೇಳಿದ್ದು ಹಾಸ್ಟೆಲ್ಲಿನ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. 1971ರ ಏಪ್ರಿಲ್ 27ರ ಧ್ವನಿಮುದ್ರಣ ಅದು. ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲಿ ಫೋರ್ಡ್ ಕಾರು ಕಂಪನಿಯ ಎರಡನೆಯ ಹೆನ್ರಿ ಫೋರ್ಡ್ ಮತ್ತು ಲೀ ಅಯಕೋಕಾ ಕೂತಿದ್ದಾರೆ. ಹೊಗೆ ಮತ್ತು ಸುರಕ್ಷತೆಯ ಹೊಸ ನಿಯಮಗಳಿಂದ ತಮ್ಮ ಉದ್ಯಮಕ್ಕೆ ಏಟು ಬೀಳುತ್ತಿದೆ ಎಂಬುದು ಅವರ ಅಹವಾಲು. ನಿಕ್ಸನ್ ಅವರಿಗೆ ಧೈರ್ಯ ಹೇಳುತ್ತಾರೆ. ಈ ಪರಿಸರವಾದಿಗಳಿಗೆ ನಿಜಕ್ಕೂ ಗಾಳಿ ನೀರಿನ ಚಿಂತೆಯೇನಿಲ್ಲ, ಇಡೀ ವ್ಯವಸ್ಥೆಯನ್ನು ಕೆಡವಬೇಕಿದೆ, ಮನುಷ್ಯರೆಲ್ಲ ಮತ್ತೆ ಪ್ರಾಣಿಗಳ ಹಾಗೆ ಬದುಕಲಿ ಎನ್ನುವ ಜನ ಇವರು ಎಂಬರ್ಥದ ಮಾತು. ಕೆಳಗೆ ಮೆಸ್ಸಿನಲ್ಲಿ ತಟ್ಟೆಗಳ ಸದ್ದು. ನಾನು ಆ ಭಾಗವನ್ನು ಮೂರು ಸಲ ಹಿಂದೆ ಹಾಕಿ ಕೇಳಿದೆ.

ಸಂಶೋಧನೆ ಮಾಡುವವರಿಗೆ ಇಂಥದ್ದೊಂದು ಸಿಕ್ಕರೆ ಹಬ್ಬ. ಯಾಕೆಂದರೆ ಇದೇ ನಿಕ್ಸನ್ ಹದಿನೈದು ತಿಂಗಳ ಹಿಂದೆ, 1970ರ ಜನವರಿ 22ರಂದು, ಅಮೆರಿಕದ ಸಂಸತ್ತಿನ ಎದುರು ನಿಂತು ಪ್ರಕೃತಿಯೊಂದಿಗೆ ರಾಜಿ ಮಾಡಿಕೊಳ್ಳುವ ಕಾಲ ಬಂದಿದೆ ಎಂದು ಭಾಷಣ ಮಾಡಿದ್ದರು. ನಾನು ಆ ವಾರವೇ ನನ್ನ ಮಹಾಪ್ರಬಂಧದ ಎರಡನೇ ಅಧ್ಯಾಯಕ್ಕೆ 'ಹಸಿರು ಮುಖವಾಡ' ಎಂದು ಹೆಸರಿಟ್ಟು, ನಲವತ್ತು ಪುಟ ಬರೆದು ನಮ್ಮ ಗೈಡ್ ಮೇಡಂ ಮೇಜಿನ ಮೇಲಿಟ್ಟು ಬಂದೆ. ಬಲಪಂಥದ ರಾಜಕಾರಣಿಗಳು ಪರಿಸರದ ಮಾತಾಡಿದಾಗಲೆಲ್ಲ ಅದು ನಾಟಕ ಎಂಬುದು ನನ್ನ ವಾದ. ಹದಿನೈದು ದಿನ ಬಿಟ್ಟು ಪ್ರತಿ ವಾಪಸು ಬಂತು. ಶೀರ್ಷಿಕೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು: 'ಮುಖವಾಡ ಸರಿ. ಅದನ್ನು ಹಾಕಿಕೊಂಡವರು ಮಾಡಿದ ಸಹಿಗಳನ್ನು ಏನು ಮಾಡುತ್ತೀರಿ?'

ಸಹಿಗಳು ನಿಜಕ್ಕೂ ಕಡಿಮೆಯಿರಲಿಲ್ಲ. 1970ರ ಜನವರಿ 1ರಂದು ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ಅದೇ ವರ್ಷ ಡಿಸೆಂಬರಿನಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿಯ ಆರಂಭ, ತಿಂಗಳ ಕೊನೆಯ ದಿನ ಶುದ್ಧ ಗಾಳಿ ಕಾಯ್ದೆ. 1973ರ ಡಿಸೆಂಬರ್ 28ರಂದು ಅಳಿವಿನಂಚಿನ ಜೀವಿಗಳ ಕಾಯ್ದೆ. ಅಮೆರಿಕದ ಪರಿಸರ ಕಾನೂನಿನ ಅಡಿಪಾಯದ ಕಲ್ಲುಗಳಲ್ಲಿ ಬಹುಪಾಲು ಈ ಒಬ್ಬ ರಿಪಬ್ಲಿಕನ್ ಅಧ್ಯಕ್ಷರ ಕಾಲದವು. ಪರಿಸರವನ್ನು ಪ್ರೀತಿಸಿದ ಎಷ್ಟೋ ನಾಯಕರ ಹೆಸರಿನಲ್ಲಿ ಇದರ ಕಾಲುಭಾಗವೂ ಇಲ್ಲ.

ಯಾಕೆ ಸಹಿ ಹಾಕಿದರು ಎಂಬುದರಲ್ಲಿ ಹೆಚ್ಚು ಗುಟ್ಟೇನಿಲ್ಲ. 1968ರ ಚುನಾವಣೆಯಲ್ಲಿ ನಿಕ್ಸನ್ ಪರಿಸರದ ವಿಷಯ ಎತ್ತಿದ್ದೇ ಅಪರೂಪ. ಅಧಿಕಾರಕ್ಕೆ ಬಂದು ಎಂಟು ದಿನವಾಗಿತ್ತಷ್ಟೇ, 1969ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಎದುರಿನ ಸಮುದ್ರದಲ್ಲಿ ತೈಲಬಾವಿ ಒಡೆಯಿತು. ಎಣ್ಣೆ ಮೆತ್ತಿಕೊಂಡ ಹಕ್ಕಿಗಳು ಟೀವಿಯಲ್ಲಿ ಮನೆಮನೆಗೆ ಬಂದವು. ಜೂನ್‌ನಲ್ಲಿ ಕ್ಲೀವ್‌ಲ್ಯಾಂಡಿನ ಕಯಹೋಗಾ ನದಿಗೆ ಬೆಂಕಿ ಹತ್ತಿಕೊಂಡಿತು. ನದಿಗೆ ಬೆಂಕಿ! ಆ ನದಿ ಹಿಂದೆಯೂ ಹಲವು ಸಲ ಉರಿದಿತ್ತು, ಆಗ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಕಾಲ ಬದಲಾಗಿತ್ತು. 1970ರ ಏಪ್ರಿಲ್ 22ರ ಮೊದಲ ಭೂಮಿ ದಿನಕ್ಕೆ ದೇಶದುದ್ದಕ್ಕೂ ಸುಮಾರು 2 ಕೋಟಿ ಜನ ಬೀದಿಗೆ, ಕ್ಯಾಂಪಸ್ಸುಗಳಿಗೆ ಬಂದರು. ಇದೆಲ್ಲದರ ಜೊತೆಗೆ, 1972ರಲ್ಲಿ ತನ್ನ ಎದುರಾಳಿಯಾಗಬಹುದು ಎಂದು ನಿಕ್ಸನ್ ಲೆಕ್ಕ ಹಾಕಿದ್ದ ಡೆಮಾಕ್ರಟಿಕ್ ಸೆನೆಟರ್ ಎಡ್ಮಂಡ್ ಮಸ್ಕಿ ಗಾಳಿ ನೀರಿನ ಕಾನೂನುಗಳಿಗೇ ಹೆಸರಾದವರು. ಎದುರಾಳಿಯ ಅಂಗಡಿಯ ಸರಕನ್ನು ತನ್ನ ಅಂಗಡಿಯಲ್ಲೇ ಇಡುವುದು ಹಳೆಯ ವ್ಯಾಪಾರ. ಸರಕು ಖಾಲಿಯಾದ ಮೇಲೆ ಏನಾಯಿತು ಎಂಬುದನ್ನೂ ಇತಿಹಾಸ ದಾಖಲಿಸಿದೆ. 1972ರ ವಸಂತದ ಹೊತ್ತಿಗೆ ಮಸ್ಕಿ ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಅಕ್ಟೋಬರ್ 17ರಂದು ಶುದ್ಧ ನೀರು ಮಸೂದೆಗೆ ನಿಕ್ಸನ್ ವೀಟೋ ಹಾಕಿದರು. ವಿಪರೀತ ಖರ್ಚು ಎಂಬುದು ಅವರು ಕೊಟ್ಟ ಕಾರಣ. ಅದು ಪೂರ್ತಿ ನೆಪವೂ ಅಲ್ಲ, ಹಣದುಬ್ಬರದ ಭಯ ಆಗ ನಿಜವಾಗಿಯೂ ಇತ್ತು. ಆದರೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಗು ಬರುತ್ತದೆ.

ಮರುದಿನವೇ ಸಂಸತ್ತಿನ ಎರಡೂ ಸದನಗಳು ಆ ವೀಟೋವನ್ನು ತಳ್ಳಿಹಾಕಿ ಮಸೂದೆಯನ್ನು ಕಾನೂನು ಮಾಡಿದವು. ಸೆನೆಟ್ಟಿನಲ್ಲಿ 52ಕ್ಕೆ 12, ಕೆಳಮನೆಯಲ್ಲಿ 247ಕ್ಕೆ 23. ತಳ್ಳಿಹಾಕಿದವರಲ್ಲಿ ನಿಕ್ಸನ್ ಅವರದೇ ಪಕ್ಷದವರು ಸಾಕಷ್ಟಿದ್ದರು. ನನ್ನ ನಲವತ್ತು ಪುಟಗಳು ಬಿರುಕುಬಿಟ್ಟದ್ದು ಇಲ್ಲಿಂದ. ನಾನು ಇಷ್ಟು ಹೊತ್ತು ಒಬ್ಬ ಮನುಷ್ಯನ ಎದೆಯೊಳಗೆ ಇಣುಕುತ್ತಿದ್ದೆ. ಕೆಲಸ ನಡೆಯುತ್ತಿದ್ದದ್ದು ಹೊರಗೆ.

ಆ ಮೊದಲನೆಯ ಸಹಿಯನ್ನೇ ನೋಡಿ. ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ಕೆಲವೇ ಪುಟಗಳ ಕಾನೂನು. ಅರ್ಧಕ್ಕರ್ಧ ಸದಾಶಯದ ಮಾತುಗಳು. ಮನುಷ್ಯ ಮತ್ತು ಪ್ರಕೃತಿಯ ಸಾಮರಸ್ಯ ಇತ್ಯಾದಿ. ಯಾವ ಅಧ್ಯಕ್ಷರಾದರೂ ಕಣ್ಣುಮುಚ್ಚಿ ಸಹಿ ಹಾಕಬಹುದಾದದ್ದು. ಆದರೆ ಲಿಂಟನ್ ಕಾಲ್ಡ್‌ವೆಲ್ ಎಂಬ ಇಂಡಿಯಾನಾದ ಪ್ರಾಧ್ಯಾಪಕರು 1969ರಲ್ಲಿ ಸೆನೆಟ್ ಸಮಿತಿಯ ಎದುರು ಒಂದು ಮಾತು ಒತ್ತಿ ಹೇಳಿದ್ದರು: ಬರಿಯ ನೀತಿ ಸಾಲದು, ಅಧಿಕಾರಿಗಳು ಏನಾದರೂ ಮಾಡಲೇಬೇಕಾಗುವಂಥ ಕೊಂಡಿಯೊಂದು ಬೇಕು. ಆ ಕೊಂಡಿ ಕಾಯ್ದೆಯ 102ನೇ ಸೆಕ್ಷನ್ನಿನ ಒಳಗೆ ಬಂದು ಕೂತಿತು. ಪರಿಸರದ ಮೇಲೆ ದೊಡ್ಡ ಪರಿಣಾಮವಾಗುವ ಯಾವ ಕೆಲಸಕ್ಕೂ ಮೊದಲು ಕೇಂದ್ರ ಸರ್ಕಾರದ ಇಲಾಖೆಗಳು ಆ ಪರಿಣಾಮವನ್ನು, ಬದಲಿ ದಾರಿಗಳನ್ನು ವಿವರವಾಗಿ ಬರೆದು ಜನರ ಮುಂದಿಡಬೇಕು. ಆವತ್ತು ಇದನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ಒಂದೂವರೆ ವರ್ಷದಲ್ಲಿ, 1971ರ ಜುಲೈ 23ರಂದು, ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಕ್ಲಿಫ್ಸ್ ಅಣುಸ್ಥಾವರದ ಪ್ರಕರಣದಲ್ಲಿ ನ್ಯಾಯಾಲಯ ಅಣುಶಕ್ತಿ ಆಯೋಗವನ್ನು ತರಾಟೆಗೆ ತೆಗೆದುಕೊಂಡಿತು. ಈ ವರದಿ ಕಡತಕ್ಕೆ ಅಂಟಿಸಿ ಕಳಿಸುವ ಕಾಗದವಲ್ಲ, ನಿರ್ಧಾರದ ಪ್ರತಿ ಹಂತದಲ್ಲೂ ನಿಜವಾಗಿ ತೂಗಿ ನೋಡಬೇಕಾದದ್ದು ಎಂದಿತು. ಕಾರಿನ ಧಣಿಗಳ ಎದುರು ನಿಕ್ಸನ್ ಮನಸ್ಸು ಬಿಚ್ಚಿ ಮೂರು ತಿಂಗಳೂ ಆಗಿರಲಿಲ್ಲ.

ಈ ಕೊಂಡಿ ಅಮೆರಿಕದಲ್ಲೇ ಉಳಿಯಲಿಲ್ಲ. ಹತ್ತಾರು ದೇಶಗಳು ಅದನ್ನು ತಮ್ಮ ತಮ್ಮ ಕಾನೂನಿಗೆ ಹೊಲಿದುಕೊಂಡವು. ಭಾರತದಲ್ಲಿ ಪರಿಸರ ಪರಿಣಾಮ ಅಂದಾಜು ಕಡ್ಡಾಯವಾದದ್ದು 1994ರ ಜನವರಿ 27ರ ಅಧಿಸೂಚನೆಯಿಂದ. ಸಾರ್ವಜನಿಕ ಅಹವಾಲು ಸಭೆ ಸೇರಿದ್ದು 1997ರಲ್ಲಿ. ನಮ್ಮ ಮಲೆನಾಡಿನ ತಾಲ್ಲೂಕಿನಲ್ಲಿ ನಡೆದ ಅಂಥದ್ದೊಂದು ಸಭೆಗೆ ಪದವಿ ಓದುವಾಗ ಹೋಗಿದ್ದೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೀರಲು ಮೈಕು. ಅಡಕೆ ತೋಟದ ಅಜ್ಜಿಯೊಬ್ಬರು ಮೈಕು ಹಿಡಿದು, 'ಸ್ವಾಮಿ, ಇಷ್ಟು ದಪ್ಪ ಪುಸ್ತಕ ಮಾಡಿದೀರಿ, ನಮ್ಮ ಬಾವಿ ಯಾವ ಪುಟದಲ್ಲಿದೆ?' ಎಂದು ಕೇಳಿದರು. ಅಧಿಕಾರಿ ಪುಟ ತಿರುವಿದರು. ಬಾವಿ ಇರಲಿಲ್ಲ. ಅಜ್ಜಿಯ ಮಾತನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕಾಯಿತು. ಆ ಅಜ್ಜಿಗೂ ನಿಕ್ಸನ್ ಸಹಿಗೂ ಸಂಬಂಧವಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಹಾಗಾದರೆ ಪ್ರಾಮಾಣಿಕತೆ ಲೆಕ್ಕಕ್ಕೇ ಇಲ್ಲವೇ? ಸೆಮಿನಾರಿನಲ್ಲಿ ನಾನು ಇದನ್ನೆಲ್ಲ ಮಂಡಿಸಿದಾಗ ಜೂನಿಯರ್ ಒಬ್ಬ ಹೀಗೆ ಕೇಳಿದ. ಅವನಿಗೆ ಉತ್ತರ ಕೊಡಲು ಮಾರ್ಗರೆಟ್ ಥ್ಯಾಚರ್ ಅವರ ಕಡೆ ಹೋಗಬೇಕಾಯಿತು. ಯಾಕೆಂದರೆ ಬಲಪಂಥದ ನಾಯಕರಲ್ಲಿ ಪರಿಸರದ ಬಗ್ಗೆ ನಿಜವಾಗಿ ನಂಬಿ ಮಾತಾಡಿದವರು ಯಾರಾದರೂ ಇದ್ದರೆ ನನ್ನ ಪ್ರಕಾರ ಅದು ಅವರೇ, ಕೆಲವು ಕಾಲದ ಮಟ್ಟಿಗಾದರೂ.

1988ರ ಸೆಪ್ಟೆಂಬರ್ 27ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅವರು ಮಾಡಿದ ಭಾಷಣದಲ್ಲಿ ಹಸಿರುಮನೆ ಅನಿಲಗಳು, ಓಜೋನ್ ಪದರ, ಆಮ್ಲ ಮಳೆ ಮೂರೂ ಬಂದವು. ನಾವು ಈ ಭೂಮಿಯ ವ್ಯವಸ್ಥೆಯ ಮೇಲೇ ಗೊತ್ತಿಲ್ಲದೆ ಬೃಹತ್ ಪ್ರಯೋಗವೊಂದನ್ನು ಶುರು ಮಾಡಿರಬಹುದು ಎಂದರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು ಹಾಗೆ ಮಾತಾಡುವುದು ಆಗ ಅಪರೂಪ. ಮತಕ್ಕಾಗಿ ಎನ್ನುವಂತಿಲ್ಲ. ಬ್ರಿಟನ್ನಿನ ಗ್ರೀನ್ ಪಕ್ಷ ಯುರೋಪಿಯನ್ ಚುನಾವಣೆಯಲ್ಲಿ ಶೇಕಡಾ 15ರಷ್ಟು ಮತ ಪಡೆದು ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಇದಾದ ಒಂಬತ್ತು ತಿಂಗಳ ಮೇಲೆ. ಕಲ್ಲಿದ್ದಲು ಗಣಿಯ ಕಾರ್ಮಿಕರನ್ನು ಮಣಿಸಲು ಹೂಡಿದ ಆಟ ಎನ್ನುವವರಿದ್ದಾರೆ. ಆ ಮುಷ್ಕರ 1985ರ ಮಾರ್ಚಿಗೇ ಮುರಿದುಬಿದ್ದಿತ್ತು. ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿದ್ದ ಅವರು ವಿಜ್ಞಾನಿಗಳ ಅಂಕಿಗಳನ್ನು ತಾವೇ ಓದಿ ಅರ್ಥಮಾಡಿಕೊಳ್ಳಬಲ್ಲವರಾಗಿದ್ದರು. ಅಂಟಾರ್ಕ್ಟಿಕಾದ ಮೇಲೆ ಓಜೋನ್ ಕ್ಷೀಣಿಸುತ್ತಿರುವುದನ್ನು 1985ರಲ್ಲಿ ಜಗತ್ತಿಗೆ ತಿಳಿಸಿದವರೂ ಬ್ರಿಟಿಷ್ ವಿಜ್ಞಾನಿಗಳೇ.

ಮರುತಿಂಗಳು ತಮ್ಮ ಪಕ್ಷದ ಸಮ್ಮೇಳನದಲ್ಲಿ ಥ್ಯಾಚರ್ ಇದನ್ನೇ ಪಕ್ಷದ ನುಡಿಯಲ್ಲಿ ಹೇಳಿದರು. ಈ ಭೂಮಿ ಯಾವ ತಲೆಮಾರಿನ ಸ್ವಂತ ಆಸ್ತಿಯೂ ಅಲ್ಲ, ಬದುಕಿರುವಷ್ಟು ಕಾಲ ನಾವು ಬಾಡಿಗೆದಾರರು, ರಿಪೇರಿಯ ಪೂರ್ತಿ ಹೊಣೆ ನಮ್ಮದು ಎಂಬ ಭಾವ. ದಿನಸಿ ಅಂಗಡಿಯವರ ಮಗಳ ಮಾತು ಇದು. ಸಂಪ್ರದಾಯವಾದಿಗಳ ಪರಿಸರ ಕಾಳಜಿಗೆ ಒಂದು ನಿಜವಾದ ಬೇರಿದ್ದರೆ ಅದು ಇಲ್ಲಿದೆ ಎನ್ನಿಸುತ್ತದೆ. ಹಿರಿಯರಿಂದ ಬಂದದ್ದನ್ನು ಕೆಡಿಸದೆ ಮುಂದಿನವರಿಗೆ ದಾಟಿಸಬೇಕು. ನಮ್ಮ ದೊಡ್ಡಪ್ಪ ತೋಟದ ಬಗ್ಗೆ ಹೀಗೇ ಮಾತಾಡುತ್ತಾರೆ; ಅವರಿಗೆ ಪರಿಸರವಾದಿಗಳನ್ನು ಕಂಡರೆ ಆಗದು.

ಇಷ್ಟಾಗಿಯೂ ಏನಾಯಿತು? 1989ರ ಮೇ ತಿಂಗಳಲ್ಲಿ ಅದೇ ಸರ್ಕಾರ ಭಾರೀ ಹೆದ್ದಾರಿ ಯೋಜನೆಯೊಂದನ್ನು ಘೋಷಿಸಿತು. ನವೆಂಬರಿನಲ್ಲಿ ಥ್ಯಾಚರ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಹವಾಮಾನದ ಬಗ್ಗೆ ಮತ್ತೊಂದು ಗಟ್ಟಿ ಭಾಷಣ ಮಾಡಿದರು. 1990ರ ನವೆಂಬರಿನಲ್ಲಿ ಅಧಿಕಾರ ಹೋಯಿತು. 2002ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹವಾಮಾನದ ಎಚ್ಚರಿಕೆ ಕೊಡುವವರನ್ನೇ ಪ್ರಳಯದ ಭವಿಷ್ಯ ನುಡಿಯುವವರೆಂದು ಹಂಗಿಸಿದರು. ಹಾಗೆಂದು 1988ರ ಥ್ಯಾಚರ್ ಸುಳ್ಳಾಗುತ್ತಾರೆಯೇ? ನನಗೆ ಹಾಗನ್ನಿಸುವುದಿಲ್ಲ. ಆಗ ನಂಬಿದ್ದರು, ಆಮೇಲೆ ನಂಬಲಿಲ್ಲ. ತಮ್ಮ ಉಳಿದ ನಂಬಿಕೆಗಳಿಗೆ ಈ ನಂಬಿಕೆ ದುಬಾರಿಯಾಗುತ್ತದೆ ಎಂದು ಕಂಡಾಗ ಕೈಬಿಟ್ಟರು. ಅವರ ನಂಬಿಕೆ ಹೋದರೂ ಹೋಗದೆ ಉಳಿದದ್ದು 1990ರ ಮೇ 25ರಂದು ಅವರೇ ಉದ್ಘಾಟಿಸಿದ ಹ್ಯಾಡ್ಲಿ ಕೇಂದ್ರ. ಅಲ್ಲಿನ ವಿಜ್ಞಾನಿಗಳು ಭೂಮಿ ಬಿಸಿಯಾಗುತ್ತಿರುವ ಲೆಕ್ಕವನ್ನು ಇವತ್ತಿಗೂ ಇಡುತ್ತಿದ್ದಾರೆ.

ಸಹಿಯೇ ಎಲ್ಲ ಎಂದು ಬರೆದುಬಿಟ್ಟರೆ ಅದೂ ಸುಳ್ಳು. ಅಳಿವಿನಂಚಿನ ಜೀವಿಗಳ ಕಾಯ್ದೆಗೆ ಸಹಿ ಹಾಕುವ ಆರು ವಾರ ಮೊದಲು ನಿಕ್ಸನ್ ಅಲಾಸ್ಕದ ತೈಲ ಕೊಳವೆಯ ಕಾಯ್ದೆಗೆ ಸಹಿ ಹಾಕಿದ್ದರು. ಆ ಯೋಜನೆಯ ಮಟ್ಟಿಗೆ ಪರಿಸರ ನೀತಿ ಕಾಯ್ದೆಯಡಿ ಕೋರ್ಟಿಗೆ ಹೋಗುವ ದಾರಿಯನ್ನು ಅದು ಮುಚ್ಚಿತು. ಟೆನೆಸ್ಸಿಯಲ್ಲಿ ಮೂರಿಂಚಿನ ಮೀನೊಂದರ ಸಲುವಾಗಿ, ಹೆಚ್ಚುಕಡಿಮೆ ಕಟ್ಟಿ ಮುಗಿದಿದ್ದ ಟೆಲಿಕೋ ಅಣೆಕಟ್ಟನ್ನು ಸುಪ್ರೀಂ ಕೋರ್ಟ್ 1978ರಲ್ಲಿ ತಡೆಯಿತು. ಮರುವರ್ಷವೇ ಸಂಸತ್ತು ಆ ಅಣೆಕಟ್ಟಿಗೆ ವಿನಾಯಿತಿ ಕೊಟ್ಟಿತು. ಇತ್ತೀಚೆಗೆ, 2025ರ ಮೇ ತಿಂಗಳಲ್ಲಿ, ಅದೇ ಸುಪ್ರೀಂ ಕೋರ್ಟ್ ಪರಿಸರ ನೀತಿ ಕಾಯ್ದೆಯಡಿ ಇಲಾಖೆಗಳು ಎಷ್ಟು ದೂರದ ಪರಿಣಾಮಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಸಾಕಷ್ಟು ಕುಗ್ಗಿಸಿದೆ. ಕೊಂಡಿಗೂ ತುಕ್ಕು ಹಿಡಿಯುತ್ತದೆ. ಹಿಡಿಯದಂತೆ ನೋಡಿಕೊಳ್ಳುವವರಿಗೆ ನಂಬಿಕೆ ಬೇಕು. ಜೂನಿಯರ್ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಿಲ್ಲ.

ಅಧ್ಯಾಯದ ಹೆಸರು ಬದಲಾಗಿದೆ. ಧ್ವನಿಮುದ್ರಣದ ಪ್ರಸಂಗ ಅಡಿಟಿಪ್ಪಣಿಗೆ ಇಳಿದಿದೆ. ಈಗ ಅಧ್ಯಾಯ ಶುರುವಾಗುವುದು ಶುದ್ಧ ನೀರಿನ ಹಣದಿಂದ. ವೀಟೋ ಬಿದ್ದುಹೋದ ಮೇಲೂ ನಿಕ್ಸನ್ ಸುಮ್ಮನಾಗಲಿಲ್ಲ. ಒಳಚರಂಡಿ ನೀರಿನ ಶುದ್ಧೀಕರಣಕ್ಕೆ ಕಾನೂನು ಗೊತ್ತುಮಾಡಿದ್ದ ಹಣದಲ್ಲಿ ದೊಡ್ಡ ಪಾಲನ್ನು ಹಂಚದೆ ತಡೆಹಿಡಿಯಲು ಆದೇಶಿಸಿದರು. ನ್ಯೂಯಾರ್ಕ್ ನಗರ ಕೋರ್ಟಿಗೆ ಹೋಯಿತು. ಹಣ ತಡೆಹಿಡಿಯುವ ಅಧಿಕಾರ ಈ ಕಾನೂನಿನಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದು 1975ರ ಫೆಬ್ರವರಿ 18ರಂದು. ಅಷ್ಟು ಹೊತ್ತಿಗೆ ನಿಕ್ಸನ್ ರಾಜೀನಾಮೆ ಕೊಟ್ಟು ಆರು ತಿಂಗಳಾಗಿತ್ತು. ಆಗ ಅವರಿದ್ದದ್ದು ಕ್ಯಾಲಿಫೋರ್ನಿಯಾದ ಸಾನ್ ಕ್ಲೆಮೆಂಟೆಯಲ್ಲಿ. 1970ರ ಹೊಸ ವರ್ಷದ ದಿನ ಪರಿಸರ ನೀತಿ ಕಾಯ್ದೆಗೆ ಸಹಿ ಹಾಕಿದ್ದೂ ಅದೇ ಊರಿನಲ್ಲಿ.